ಕರೆಂಟು ಹೋದ ಮೇಲೂ ಫೋನು



ಈ ಮಾತು ನಿಮ್ಮನ್ನು ಮುಟ್ಟುವ ಹೊತ್ತಿಗೆ ನಿಮ್ಮ ಮನೆಯಲ್ಲಿ ಕರೆಂಟು ಇದೆಯೋ ಇಲ್ಲವೋ ನಾನರಿಯೆ. ಶೃಂಗೇರಿಯ ಮಗ್ಗುಲಿನ ಮೆಣಸೆ, ಕಿಗ್ಗ, ನೆಮ್ಮಾರು, ಬೇಗಾರು. ಕೊಪ್ಪದ ಕಡೆ ಜಯಪುರ, ಹರಿಹರಪುರ. ಅತ್ತ ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರು. ಈ ಸೀಮೆಯಲ್ಲಿ ಮಳೆ ಹಿಡಿದ ಮೇಲೆ ಕರೆಂಟಿನ ಭವಿಷ್ಯ ಹೇಳುವ ಧೈರ್ಯ ಯಾವ ಜೋಯಿಸರಿಗೂ ಇಲ್ಲ. ರೇಡಿಯೋಗೆ ಮಾತ್ರ ಅದರ ಹಂಗಿಲ್ಲ, ಒಂದೆರಡು ಸೆಲ್ ಇದ್ದರೆ ಹಾಡುತ್ತಲೇ ಇರುತ್ತದೆ. ಹಿಂದೆ ಹೀಗೆಯೇ ಕರೆಂಟಿನ ಹಂಗಿಲ್ಲದೆ ಬದುಕಿದ್ದು, ಈಗ ಸದ್ದಿಲ್ಲದೆ ಆ ಹಂಗಿಗೆ ಬಿದ್ದಿರುವ ಇನ್ನೊಂದು ವಸ್ತು ನಮ್ಮ ಮನೆಯಲ್ಲಿದೆ. ಅದು ಮನೆಯ ಫೋನು. ಇವತ್ತಿನ ಮಾತು ಅದರದ್ದು.

ನಲವತ್ತು ದಾಟಿದ ಯಾರನ್ನಾದರೂ ಕೇಳಿ ನೋಡಿ. ಪುನರ್ವಸು ಮಳೆಯ ಗಾಳಿಗೆ ಎಲ್ಲೋ ಮರ ಬಿದ್ದು ಊರೆಲ್ಲ ಕತ್ತಲೆ. ಲಾಟೀನು ಹಚ್ಚಿಕೊಂಡು ಹೋಗಿ ಜಗಲಿಯ ಮೂಲೆಯ ಫೋನು ಎತ್ತಿದರೆ ಒಂದೇ ಸಮನೆ ಡಯಲ್ ಟೋನು. ಪಕ್ಕದೂರಿನ ಡಾಕ್ಟರಿಗೋ ಪೇಟೆಯ ಜೀಪಿನವರಿಗೋ ಸುದ್ದಿ ಮುಟ್ಟಿಸಲು ಅಷ್ಟು ಸಾಕಿತ್ತು. ಫೋನಿಗೆ ಕರೆಂಟು ಬೇಡವೆಂದೇ ನಾವು ನಂಬಿದ್ದೆವು. ಬೇಕಿತ್ತು. ಅದು ಬರುತ್ತಿದ್ದ ದಾರಿ ಬೇರೆ, ಅಷ್ಟೇ.

ಟೆಲಿಫೋನ್ ಎಕ್ಸ್‌ಚೇಂಜಿನ ಒಂದು ಕೋಣೆಯಲ್ಲಿ ಎರಡೆರಡು ವೋಲ್ಟಿನ 24 ಸೀಸದ ಸೆಲ್‌ಗಳನ್ನು ಸಾಲಾಗಿ ಜೋಡಿಸಿ 48 ವೋಲ್ಟು ಮಾಡಿ ಇಟ್ಟಿರುತ್ತಿದ್ದರು. ಊರಿನ ಕರೆಂಟು ಇರುವಷ್ಟು ಹೊತ್ತು ಅವು ಚಾರ್ಜಾಗುತ್ತಿರುತ್ತಿದ್ದವು. ಹೋದರೆ ಆ ಸೆಲ್‌ಗಳೇ ಊರಿನ ಫೋನುಗಳನ್ನೆಲ್ಲ ಸಾಕುತ್ತಿದ್ದವು. ಅವೂ ಬಳಲಿದರೆ ಹಿತ್ತಲ ಕಡೆಯ ಡೀಸೆಲ್ ಜನರೇಟರು. ಎಕ್ಸ್‌ಚೇಂಜಿನಿಂದ ನಿಮ್ಮ ಮನೆಗೆ ಬರುತ್ತಿದ್ದ ಒಂದು ಜೊತೆ ತಾಮ್ರದ ತಂತಿ ಮಾತನ್ನೂ ತರುತ್ತಿತ್ತು, ಆ ಮಾತಿಗೆ ಬೇಕಾದ ವಿದ್ಯುತ್ತನ್ನೂ ತರುತ್ತಿತ್ತು. ರಿಸೀವರು ಎತ್ತಿದಾಗ ಹರಿಯುತ್ತಿದ್ದುದು ಒಂದು ಆಂಪಿಯರಿನ ನೂರರಲ್ಲಿ ಎರಡರಿಂದ ನಾಲ್ಕು ಪಾಲು. ಕೆಳಗಿಟ್ಟಾಗ ಹೆಚ್ಚುಕಡಿಮೆ ಏನೂ ಇಲ್ಲ. ಗಂಟೆ ಬಾರಿಸುವಾಗ ಮಾತ್ರ ಅದೇ ತಂತಿಯಲ್ಲಿ ಎಪ್ಪತ್ತೈದು ವೋಲ್ಟಿನಷ್ಟು ಬೇರೊಂದು ಕರೆಂಟು ಓಡುತ್ತಿತ್ತು. ವೈರು ಸಿಕ್ಕಿಸುವ ಹೊತ್ತಿಗೇ ಯಾರದೋ ಫೋನು ಬಂದು ಬೆರಳು ಜುಮ್ಮೆಂದವರು ನಮ್ಮ ನಡುವೆ ಇನ್ನೂ ಇದ್ದಾರೆ.

ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬಂದು ಬಚ್ಚಲ ಹಂಡೆಗೆ ಬೀಳುವ ನೀರಿಗೂ, ಬಾವಿಗೆ ಪಂಪು ಕೂರಿಸಿ ಎತ್ತಿಸುವ ನೀರಿಗೂ ಏನು ವ್ಯತ್ಯಾಸವೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ತಾಮ್ರದ ಫೋನು ಅಬ್ಬಿಯ ನೀರು. ಈಗ ಅದರ ಜಾಗಕ್ಕೆ ಬಂದಿರುವ ಫೈಬರಿನ ಫೋನು ಪಂಪಿನ ನೀರು. ಎರಡನೆಯದರಲ್ಲಿ ನೀರು ಧಾರಾಳ, ಆದರೆ ಸ್ವಿಚ್ಚು ನಮ್ಮ ಗೋಡೆಯಲ್ಲಿದೆ.

ಫೋನಿನ ವಿದ್ಯುತ್ತಿನ ಹೊಣೆ ಮನೆಯ ಮೇಲೆ ಬಿದ್ದದ್ದು ಇದೇ ಮೊದಲ ಸಲವೂ ಅಲ್ಲ ಅನ್ನಿ. ಎಕ್ಸ್‌ಚೇಂಜಿನ ಬ್ಯಾಟರಿಗೂ ಹಿಂದೆ ಹಿಡಿ ತಿರುಗಿಸಿ ಆಪರೇಟರನ್ನು ಕರೆಯುವ ಫೋನು ಇತ್ತು. ಮಾತಿಗೆ ಬೇಕಾದ ವಿದ್ಯುತ್ತು ಅದರ ಜೊತೆಗೇ ಮನೆಯಲ್ಲಿಟ್ಟ ಒಣ ಸೆಲ್‌ಗಳಿಂದ ಬರಬೇಕಿತ್ತು. ಸೆಲ್ ಸವೆದ ಹಾಗೆಲ್ಲ ದನಿ ಕ್ಷೀಣ. ಆಮೇಲೆ ಬಂದ ವ್ಯವಸ್ಥೆಯಲ್ಲಿ ಬ್ಯಾಟರಿಯೆಲ್ಲ ಎಕ್ಸ್‌ಚೇಂಜಿನಲ್ಲಿ ಒಂದೇ ಕಡೆ ಸೇರಿತು, ಮನೆಯವರ ತಲೆಬಿಸಿ ಮುಗಿಯಿತು. ಈಗ ಫೈಬರು ಬಂದು ಬ್ಯಾಟರಿಯ ಜವಾಬ್ದಾರಿ ಮತ್ತೆ ಮನೆಗೆ ಮರಳಿದೆ. ಹೋಗುವಾಗ ಇಲಾಖೆಯವರೇ ಹೊತ್ತುಕೊಂಡು ಹೋದರು. ಬರುವಾಗ ಬಂತು ಎಂದು ನಮಗೆ ಯಾರೂ ಹೇಳಲಿಲ್ಲ. ನನ್ನ ತಕರಾರು ಇರುವುದು ಇಷ್ಟರ ಮೇಲೆ ಮಾತ್ರ. ಫೈಬರಿನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಮನೆಗೂ ಅದೇ ಬಂದಿದೆ, ತೆಗೆಸುವ ಯೋಚನೆಯೂ ಇಲ್ಲ.

ತಾಮ್ರದ ಕಾಲ ಚಿನ್ನದ ಕಾಲವಾಗಿತ್ತು ಎಂದು ಯಾರಾದರೂ ಹೇಳಿದರೆ ಅವರು ಮಲೆನಾಡಿನಲ್ಲಿ ಮಳೆಗಾಲ ಕಳೆದವರಲ್ಲ. ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಸುರಿಯುವುದು ಇಲ್ಲಿ ವಿಶೇಷವೇನಲ್ಲ. ನೆಲದೊಳಗಿನ ಕೇಬಲ್ಲಿಗೆ ನೀರಿಳಿಯದಿರಲೆಂದು ಒಳಗೆ ಜೆಲ್ಲಿ ತುಂಬಿದ ಕೇಬಲ್ಲುಗಳು ಬಂದವು. ಕೇಬಲ್ಲೇನೋ ತಡೆಯಿತು, ಜಾಯಿಂಟು ತಡೆಯಬೇಕಲ್ಲ? ಜಾಯಿಂಟಿಗೆ ನೀರು ಹೊಕ್ಕರೆ ಗರಗರ ಸದ್ದು, ಆಮೇಲೆ ಇನ್ಯಾರದೋ ಮಾತು ನಮ್ಮ ಕಿವಿಯಲ್ಲಿ, ಆಮೇಲೆ ಮೌನ. ಆರಿದ್ರಾ ಮಳೆಯಲ್ಲಿ ಡೆಡ್ ಆದ ಫೋನಿಗೆ ನವರಾತ್ರಿಗೆ ಜೀವ ಬಂದರೆ ಪುಣ್ಯ. ಏಪ್ರಿಲ್-ಮೇ ತಿಂಗಳ ಗುಡುಗು ಬಂದರೆ ಇನ್ನೊಂದು ಗೋಳು. ಮೈಲುಗಟ್ಟಲೆ ಕಂಬದಿಂದ ಕಂಬಕ್ಕೆ ಓಡುವ ತಾಮ್ರ ಸಿಡಿಲಿಗೆ ಸಿದ್ಧವಾಗಿಟ್ಟ ದಾರಿ. ಮೋಡ ಕಪ್ಪಾದ ಕೂಡಲೇ ಓಡಿಹೋಗಿ ಫೋನಿನ ವೈರು ಕೀಳುವುದು ಮನೆಮಕ್ಕಳ ಕೆಲಸವಾಗಿತ್ತು. ಬ್ರಾಡ್‌ಬ್ಯಾಂಡ್ ಬಂದ ಮೇಲಂತೂ ವೈರು ಕೀಳಲು ಮರೆತವರ ಮೋಡೆಮ್ಮುಗಳು ಸಾಲುಸಾಲಾಗಿ ಸುಟ್ಟವು. ಇದರ ಮೇಲೆ ತಾಮ್ರದ ಬೆಲೆಗೆ ಆಸೆಪಟ್ಟು ರಾತ್ರೋರಾತ್ರಿ ತಂತಿ ಕತ್ತರಿಸುವವರು.

ಇಷ್ಟರ ನಡುವೆಯೂ ಲೈನು ಹೇಗೋ ನಡೆಯುತ್ತಿದ್ದುದು ಲೈನ್‌ಮ್ಯಾನ್‌ಗಳಿಂದ. ಲೈನು ಹಂಚುವ ಯಾವ ಡಿಪಿ ಬಾಕ್ಸಿನ ಎಷ್ಟನೇ ಜೊತೆ ತಂತಿ ಯಾರ ಮನೆಯದು ಎಂಬುದು ಅವರ ತಲೆಯಲ್ಲಿ ಇರುತ್ತಿತ್ತು. 2000ನೇ ಇಸವಿಯ ಅಕ್ಟೋಬರ್ 1ರಂದು ಟೆಲಿಫೋನ್ ಇಲಾಖೆಯ ಕೆಲಸ ಬಿಎಸ್‌ಎನ್‌ಎಲ್‌ಗೆ ಬಂತು. 2020ರ ಜನವರಿ 31ರಂದು ಸ್ವಯಂ ನಿವೃತ್ತಿ ಯೋಜನೆಯಲ್ಲಿ ದೇಶದಾದ್ಯಂತ 78 ಸಾವಿರಕ್ಕೂ ಹೆಚ್ಚು ನೌಕರರು ಒಂದೇ ದಿನ ಮನೆಗೆ ಹೋದರು. ತಾಮ್ರದ ಲೈನಿನ ಕಥೆ ನಿಜವಾಗಿ ಮುಗಿದದ್ದು ಆ ದಿನವೇ ಎಂದು ನನಗನ್ನಿಸುತ್ತದೆ. ತಂತಿ ಆಮೇಲೂ ಕಂಬದ ಮೇಲಿತ್ತು, ಅದರ ಜಾತಕ ಬಲ್ಲವರು ಇರಲಿಲ್ಲ.

ಹಾಗೆ ಫೈಬರು ಬಂತು. ಮನೆಮನೆಗೆ ತಂದವರು ಹೆಚ್ಚಾಗಿ ನಮ್ಮೂರಿನ ಹುಡುಗರೇ. ಕೆಲವರು ಮೊದಲು ಕೇಬಲ್ ಟಿವಿ ನಡೆಸುತ್ತಿದ್ದವರು. ಈಗ ಕಂಪನಿಯ ಜೊತೆ ಆದಾಯ ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡು, ಕಂಬ ಸಿಕ್ಕಲ್ಲಿ ಕಂಬಕ್ಕೆ, ಸಿಗದಲ್ಲಿ ಹಲಸಿನ ಮರಕ್ಕೆ ಕೇಬಲ್ ಕಟ್ಟಿಕೊಂಡು, ಸಂಕ ದಾಟಿ, ಧರೆ ಹತ್ತಿ ಒಂಟಿ ಮನೆಗಳಿಗೂ ತಲುಪಿಸಿದರು. ಈ ಹುಡುಗರ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳುವವರು ಕಡಿಮೆ, ಬೈಯುವವರೇ ಹೆಚ್ಚು. ಆದ್ದರಿಂದ ಇಲ್ಲಿ ಹೇಳಿಬಿಡುತ್ತೇನೆ: ಕೊರೋನಾ ಕಾಲದಲ್ಲಿ ಮಕ್ಕಳು ಸಿಗ್ನಲ್ ಹುಡುಕುತ್ತ ಕೊಡೆ ಹಿಡಿದು ಗುಡ್ಡದ ನೆತ್ತಿಯಲ್ಲಿ ಕೂತು ಪಾಠ ಕೇಳಿದ ಸೀಮೆ ಇದು. ಆ ಮಕ್ಕಳನ್ನು ಗುಡ್ಡದಿಂದ ಜಗಲಿಗೆ ಇಳಿಸಿದ್ದರಲ್ಲಿ ಇವರ ಪಾಲು ದೊಡ್ಡದು.

ಫೈಬರು ಅಂದರೆ ಗಾಜಿನ ಎಳೆ. ಬೆಳಕು ಓಡುವ ಒಳತಿರುಳು ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂಬತ್ತು ಪಾಲಿನಷ್ಟು ದಪ್ಪ. ಕಣ್ಣಿಗೆ ಕಾಣದ ಬೆಳಕಿನ ಮಿಣುಕಿನಲ್ಲಿ ಮಾತೂ ಚಿತ್ರವೂ ಓಡುತ್ತವೆ. ಮನೆಯ ಕಡೆಗೆ ಬರುವ ಬೆಳಕಿನ ಅಲೆಯುದ್ದ ಒಂದು, ಮನೆಯಿಂದ ಹೋಗುವುದರದ್ದು ಇನ್ನೊಂದು. ಹಾಗಾಗಿ ಒಂದೇ ಎಳೆ ಎರಡೂ ದಿಕ್ಕಿಗೆ ಸಾಕು. ದಾರಿಯಲ್ಲಿ ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ ಆ ಬೆಳಕನ್ನು ಮೂವತ್ತೆರಡೋ ಅರವತ್ತನಾಲ್ಕೋ ಮನೆಗಳಿಗೆ ಹಂಚುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ ಆ ಡಬ್ಬಿಗೆ ಕರೆಂಟು ಬೇಡ. ಹೊರಟಲ್ಲಿಂದ ನಿಮ್ಮ ಗೋಡೆಯವರೆಗೆ, ಇಪ್ಪತ್ತು ಕಿಲೋಮೀಟರ್ ದೂರವಾದರೂ, ನಡುವೆ ಎಲ್ಲಿಯೂ ಕರೆಂಟಿನ ಅಗತ್ಯವಿಲ್ಲ. ಗಾಜಿನಲ್ಲಿ ನೀರು ಹೊಕ್ಕು ಗರಗರ ಅನ್ನುವುದಿಲ್ಲ, ಸಿಡಿಲು ಓಡುವುದಿಲ್ಲ, ಕದ್ದರೆ ಮೂರು ಕಾಸು ಹುಟ್ಟುವುದಿಲ್ಲ.

ಕರೆಂಟು ಬೇಕಾದದ್ದು ಎರಡು ತುದಿಗಳಲ್ಲಿ. ಬೆಳಕು ಹೊರಡುವ ಯಂತ್ರದ ತುದಿಯಲ್ಲಿ ಒಮ್ಮೆ, ನಿಮ್ಮ ಮನೆಯ ಮೋಡೆಮ್ಮಿನಲ್ಲಿ ಇನ್ನೊಮ್ಮೆ. ಗಾಜು ಮಾತನ್ನು ತರುತ್ತದೆ, ವಿದ್ಯುತ್ತನ್ನು ತರಲಾರದು. ಮೋಡೆಮ್ಮು 12 ವೋಲ್ಟಿನ ಅಡಾಪ್ಟರಿನಿಂದ ಏಳೆಂಟರಿಂದ ಹತ್ತು ವ್ಯಾಟಿನಷ್ಟು ಹಗಲೂ ರಾತ್ರಿ ಕುಡಿಯುತ್ತಿರಬೇಕು. ಕರೆಂಟು ಹೋದ ಆ ಕ್ಷಣಕ್ಕೆ ಫೋನು ಸತ್ತಿತು. ನಂಬರು ಮಾತ್ರ ಹಳೆಯದೇ, ಅದೇ 08265 ಕೋಡು. ಫೋನಿನ ಪೆಟ್ಟಿಗೆಯೂ ಹಳೆಯದೇ ಇರಬಹುದು. ಹೊರಗಿಂದ ನೋಡಿದವರಿಗೆ ಏನೂ ಬದಲಾದಂತೆ ಕಾಣುವುದಿಲ್ಲ. ಫೈಬರು ಹಾಕಿಸಿದ ಮೊದಲ ಮಳೆಗಾಲದಲ್ಲಿ ನಮ್ಮ ಕಡೆಯ ಹಿರಿಯರೊಬ್ಬರು ನನ್ನನ್ನು ತಡೆದು ಕೇಳಿದರು: "ಎಂಥ ಮಾರಾಯ್ರೆ, ಇದಕ್ಕೂ ಕರೆಂಟ್ ಬೇಕು ಅಂತಾದ್ರೆ ಹಳೇದನ್ನ ಎಂಥಕ್ಕೆ ಬಿಚ್ಚಿದ್ದು?" ಕರೆಂಟಿಲ್ಲ ಎಂದು ವಿದ್ಯುತ್ ಕಂಪನಿ ಮೆಸ್ಕಾಂನ 1912ಕ್ಕೆ ಹೇಳುವುದಕ್ಕೂ ಕರೆಂಟು ಇರಬೇಕು ಎಂಬಲ್ಲಿಗೆ ಬಂದಿದ್ದೇವೆ ಎಂದು ನಾನು ನಕ್ಕೆ. ಅವರು ನಗಲಿಲ್ಲ. ಅವರ ಮನೆಯಲ್ಲಿ ಇರುವುದು ಇಬ್ಬರೇ, ಮಕ್ಕಳು ಬೆಂಗಳೂರಿನಲ್ಲಿ.

ಮೊಬೈಲು ಇದೆಯಲ್ಲ ಎನ್ನುತ್ತೀರಿ. ಇದೆ. ಮೆಣಸೆಯಲ್ಲಿ, ಅಂದರೆ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಆವರಣ ಇರುವ ಕಡೆ, ಪೇಟೆ ಹತ್ತಿರ, ಸಿಗ್ನಲ್ಲಿಗೆ ಅಷ್ಟು ತೊಂದರೆಯಿಲ್ಲ. ಗುಡ್ಡದ ಒಂದು ಮಗ್ಗುಲು ತಿರುಗಿ ಹಳ್ಳಕ್ಕಿಳಿದರೆ ಕಥೆ ಬೇರೆ. ದೇಶದಲ್ಲಿ 4ಜಿ ಮುಟ್ಟದ 24,680 ಹಳ್ಳಿಗಳಿಗೆ ಟವರು ಹಾಕುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2022ರ ಜುಲೈನಲ್ಲಿ. ನಮ್ಮಂಥ ಸೀಮೆಗಳು ಅಲ್ಲಿಯವರೆಗೂ ಕಾದಿದ್ದವು. 2023ರ ಅಕ್ಟೋಬರ್ 12ರಂದು ಮಧ್ಯಾಹ್ನದ ಹೊತ್ತಿಗೆ ಕರ್ನಾಟಕದಲ್ಲಿ ಮೊಬೈಲುಗಳು ಒಮ್ಮೆಲೇ ಕಿರುಚಿದ್ದು ನಿಮಗೆ ನೆನಪಿರಬಹುದು. ವಿಪತ್ತಿನ ಮುನ್ಸೂಚನೆ ಕೊಡುವ ವ್ಯವಸ್ಥೆಯ ಪರೀಕ್ಷೆ ಅದು. ಸಿಗ್ನಲ್ ಇಲ್ಲದ ಹಳ್ಳದ ಮನೆಯಲ್ಲಿ ಫೋನು ತೆಪ್ಪಗೆ ಇತ್ತು. ಧರೆ ಕುಸಿಯುವುದು ಹೆಚ್ಚಾಗಿ ಅಂಥ ಮನೆಗಳ ಹಿಂದೆಯೇ.

ಇನ್ನೂ ಒಂದು ವಿಷಯ. ಟವರು ಆಕಾಶದಿಂದ ಮಾತು ತರುತ್ತದೆ ಎಂದು ನಾವು ತಿಳಿದಿದ್ದೇವೆ. ಬಹಳಷ್ಟು ಟವರುಗಳ ಬುಡಕ್ಕೆ ಬರುವುದೂ ಅದೇ ಫೈಬರೇ. ಟವರಿನಲ್ಲಿ ಬ್ಯಾಟರಿ ಇರುತ್ತದೆ, ಕೆಲವು ಗಂಟೆಗಳ ಮಟ್ಟಿಗೆ. ಅದು ಮುಗಿದ ಮೇಲೆ ಡೀಸೆಲ್ಲು ಹೊತ್ತು ತರಲು ರಸ್ತೆ ಬೇಕು. ಹೆದ್ದಾರಿ ಅಗಲ ಮಾಡುವ ಜೆಸಿಬಿಯೋ ಮನೆಮನೆಗೆ ನಲ್ಲಿ ನೀರು ಕೊಡಲು ಪೈಪು ಹೂಳುವ ಜೆಸಿಬಿಯೋ ಆ ಫೈಬರಿಗೆ ಒಂದು ಸಲ ಹಲ್ಲು ಹಾಕಿದರೆ ಮನೆಯ ಫೋನು, ಟವರು, ಎಟಿಎಂ, ನ್ಯಾಯಬೆಲೆ ಅಂಗಡಿಯ ಬೆರಳಚ್ಚಿನ ಯಂತ್ರ, ಆಸ್ಪತ್ರೆಯ ಕಂಪ್ಯೂಟರು ಎಲ್ಲವೂ ಒಟ್ಟಿಗೆ ಮಲಗುತ್ತವೆ. ಶೃಂಗೇರಿ ಪೇಟೆಗಾದರೆ ಕಾರ್ಕಳದ ಕಡೆಯಿಂದ, ಕೊಪ್ಪದ ಕಡೆಯಿಂದ, ತೀರ್ಥಹಳ್ಳಿಯ ಕಡೆಯಿಂದ ರಸ್ತೆಗಳಿವೆ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸುತ್ತಿ ಬರುವ ಹಾಗೆ ಕೇಬಲ್ ಎಳೆಯಬಹುದು. ಒಳಗಿನ ಹಳ್ಳಿಗೆ ಇರುವ ರಸ್ತೆಯೇ ಒಂದು. ಅದರ ಪಕ್ಕದಲ್ಲಿ ಕಾಡು. ಅಲ್ಲಿ ಕೇಬಲ್ ಹೂಳುವುದಕ್ಕೂ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು.

ತಾಮ್ರದ ಕಾಲದಲ್ಲಿ ಒಂದು ಅನುಕೂಲವಿತ್ತು. ಅದು ಹೋದದ್ದನ್ನು ಯಾರೂ ಗಮನಿಸಿದಂತಿಲ್ಲ. 1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಮುಂದಾಳುತನದಲ್ಲಿ ಸರ್ಕಾರದ ಟೆಲಿಫೋನ್ ತಂತ್ರಜ್ಞಾನದ ಸಂಸ್ಥೆ ಸಿ-ಡಾಟ್ ಹುಟ್ಟಿತು. ಅವರು ಮಾಡಿದ 128 ಲೈನಿನ ಹಳ್ಳಿ ಎಕ್ಸ್‌ಚೇಂಜ್ ಮೊಟ್ಟಮೊದಲು ಕೆಲಸ ಶುರುಮಾಡಿದ್ದು ನಮ್ಮದೇ ಕಿತ್ತೂರಿನಲ್ಲಿ, 1986ರಲ್ಲಿ. ಎ.ಸಿ. ಬೇಡದ, ದೂಳು-ಸೆಕೆಗೆ ಜಗ್ಗದ ಪೆಟ್ಟಿಗೆ ಅದು. ಆಮೇಲೆ ನಾಡಿನ ಹಳ್ಳಿಹಳ್ಳಿಗೂ ಅಂಥವು ಬಂದವು. ಆ ಪೆಟ್ಟಿಗೆಗೆ ತನ್ನದೇ ಬುದ್ಧಿ ಇತ್ತು. ಹೊರಗಿನ ಲೈನು ಪೂರಾ ಕಡಿದುಹೋದರೂ ಆ ಎಕ್ಸ್‌ಚೇಂಜಿನ ಫೋನುಗಳು ತಮ್ಮತಮ್ಮೊಳಗೆ ಮಾತಾಡುತ್ತಿದ್ದವು. ಬೆಂಗಳೂರು ಸಿಗದಿದ್ದರೇನು, ಊರಿನ ಡಾಕ್ಟರು ಸಿಗುತ್ತಿದ್ದರು, ಜೀಪು ಇದ್ದವರು ಸಿಗುತ್ತಿದ್ದರು. ಆಪತ್ತಿನ ಮೊದಲ ಅರ್ಧ ಗಂಟೆಗೆ ಬೇಕಾದವರು ಅವರೇ ತಾನೆ? ಈಗ ಫೈಬರಿನ ಫೋನಿನಲ್ಲಿ ನೀವು ಆಚೆ ಮನೆಗೆ ಕರೆ ಮಾಡಿದರೂ ಆ ಕರೆ ದೂರದ ನಗರದ ಸರ್ವರಿಗೆ ಹೋಗಿ, ಅಲ್ಲಿ ಲೆಕ್ಕ ಒಪ್ಪಿಸಿ, ತಿರುಗಿ ನಿಮ್ಮೂರಿಗೇ ಬರಬೇಕು. ನಡುವೆ ಎಲ್ಲಿ ಕಡಿದರೂ ಆಚೆ ಮನೆಗೂ ಫೋನಿಲ್ಲ. ಹಳ್ಳಿಯ ಮಟ್ಟದಲ್ಲಿ ಒಳಗೊಳಗೇ ಮಾತು ಉಳಿಸಿಕೊಳ್ಳುವ ಯಂತ್ರ ಮಾಡುವುದು ಈಗಿನ ತಂತ್ರಜ್ಞಾನಕ್ಕೆ ಅಸಾಧ್ಯದ ಮಾತೇನಲ್ಲ. ಕೇಳುವವರು ಇಲ್ಲ, ಆದ್ದರಿಂದ ಮಾಡುವವರೂ ಇಲ್ಲ.

ಹೊರದೇಶಗಳಲ್ಲೂ ಈ ತಾಪತ್ರಯ ಬಂದಿದೆ. ಬ್ರಿಟನ್ನಿನವರು ತಾಮ್ರದ ಫೋನುಗಳನ್ನು 2025ರ ಡಿಸೆಂಬರಿಗೆ ಪೂರ್ತಿ ನಿಲ್ಲಿಸುವುದೆಂದು ಹೊರಟಿದ್ದರು. 2021ರ ನವೆಂಬರಿನಲ್ಲಿ ಆರ್ವೆನ್ ಎಂಬ ಬಿರುಗಾಳಿ ಬಂದು ಸ್ಕಾಟ್ಲೆಂಡಿನಲ್ಲೂ ಇಂಗ್ಲೆಂಡಿನ ಉತ್ತರ ಭಾಗದಲ್ಲೂ ಕೆಲವು ಕಡೆ ವಾರಕ್ಕೂ ಮಿಕ್ಕಿ ಕರೆಂಟಿಲ್ಲದೆ ಹೋಯಿತು. ಮುಂದಿನ ಮಾರ್ಚಿನಲ್ಲಿ ಅಲ್ಲಿನ ದೊಡ್ಡ ಫೋನ್ ಕಂಪನಿ ಹೊಸ ಫೋನಿಗೆ ವರ್ಗಾಯಿಸುವ ಕೆಲಸವನ್ನೇ ಸ್ವಲ್ಪ ಕಾಲ ನಿಲ್ಲಿಸಿತು. ಒಂಟಿ ಮುದುಕರು ಕೊರಳಿಗೆ ಕಟ್ಟಿಕೊಂಡು, ಬಿದ್ದಾಗ ಒತ್ತಿ ಸಹಾಯ ಕರೆಯುವ ಗುಂಡಿಗಳಿರುತ್ತವೆ ಅಲ್ಲಿ. ಅವು ನಡೆಯುತ್ತಿದ್ದುದು ಹಳೆಯ ಲೈನಿನ ಮೇಲೆ. ವರ್ಗಾವಣೆಯಾದ ಕೆಲವು ಮನೆಗಳಲ್ಲಿ ಅವು ಕೈಕೊಟ್ಟವು. ಕೊನೆಗೆ ಗಡುವನ್ನು 2027ರ ಜನವರಿಗೆ ತಳ್ಳಿದರು. ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಹೇಳುವುದೇನೆಂದರೆ, ಕರೆಂಟು ಹೋದ ಮೇಲೆ ಕಡೇಪಕ್ಷ ಒಂದು ಗಂಟೆ ತುರ್ತು ಕರೆ ಹೋಗುವ ಹಾಗೆ ಕಂಪನಿ ವ್ಯವಸ್ಥೆ ಮಾಡಬೇಕು, ಮನೆ ಫೋನನ್ನೇ ನಂಬಿಕೊಂಡವರಿಗೆ ಅದನ್ನು ಪುಕ್ಕಟೆ ಕೊಡಬೇಕು. ಒಂದು ಗಂಟೆ! ಆಶ್ಲೇಷಾ ಮಳೆಯ ಮುಂದೆ ಒಂದು ಗಂಟೆ ಯಾವ ಲೆಕ್ಕ?

ಅಮೆರಿಕದವರು 2015ರಲ್ಲಿ ಮಾಡಿದ, 2025ರವರೆಗೆ ಜಾರಿಯಲ್ಲಿದ್ದ ನಿಯಮ ನಮಗೆ ಸ್ವಲ್ಪ ಹತ್ತಿರ. ಹೊಸ ಬಗೆಯ ಫೋನು ಕೊಡುವಾಗ ಎಂಟು ಗಂಟೆ ನಡೆಯುವ ಬ್ಯಾಟರಿ ಬೇಕೇ ಎಂದು ಗ್ರಾಹಕನನ್ನು ಕೇಳಲೇಬೇಕಿತ್ತು. ಆಮೇಲೆ ಅದರ ಜೊತೆಗೆ ಇಪ್ಪತ್ನಾಲ್ಕು ಗಂಟೆಯದನ್ನೂ ಕೊಡಲು ಸಿದ್ಧವಿರಬೇಕಾಗಿತ್ತು. ದುಡ್ಡು ಗ್ರಾಹಕನದೇ. ಆದರೆ ಬಾಯಿಬಿಟ್ಟು ಹೇಳುವ ಜವಾಬ್ದಾರಿ ಕಂಪನಿಯದಾಗಿತ್ತು. ಅಲ್ಲಿ ಫೈರ್ ಐಲೆಂಡ್ ಎಂಬ ಕಡಲ ನಡುವಿನ ನೆಲದ ಪಟ್ಟಿ ಇದೆ. 2012ರ ಸ್ಯಾಂಡಿ ಚಂಡಮಾರುತಕ್ಕೆ ಅಲ್ಲಿನ ತಾಮ್ರದ ಲೈನು ಹಾಳಾಯಿತು. ಅದನ್ನು ಸರಿಮಾಡುವುದು ಬಿಟ್ಟು ಕಂಪನಿಯವರು ಮೊಬೈಲಿನ ಸಿಗ್ನಲ್ಲಿನ ಮೇಲೆ ನಡೆಯುವ ಪೆಟ್ಟಿಗೆಯೊಂದನ್ನು ಕೊಡಲು ಹೋದರು. ಜನ ಒಪ್ಪಲಿಲ್ಲ, ಜಗಳಕ್ಕೇ ನಿಂತರು. ಕಡೆಗೆ ಕಂಪನಿ ಅಲ್ಲಿಗೆ ಫೈಬರು ಎಳೆಯಿತು. ಆ ಜನ ಹೊಸದನ್ನು ಬೇಡವೆನ್ನಲಿಲ್ಲ, ಇದ್ದುದಕ್ಕಿಂತ ಕಡಿಮೆಯದನ್ನು ಬೇಡವೆಂದರು. ನಮ್ಮ ಗ್ರಾಮಸಭೆಗಳಲ್ಲಿ ಹಾಗೆ ಬಿಡಿಸಿ ಕೇಳುವ ರೂಢಿ ಇನ್ನೂ ಬರಬೇಕಾಗಿದೆ. ನಾವು ಒಂದೋ ಸುಮ್ಮನಿರುತ್ತೇವೆ, ಇಲ್ಲ ನೆಟ್‌ವರ್ಕ್ ಇಲ್ಲದಿದ್ದರೆ ವೋಟಿಲ್ಲ ಎಂದು ಬ್ಯಾನರು ಕಟ್ಟುತ್ತೇವೆ.

ಇಷ್ಟೆಲ್ಲ ಯಾಕೆ ತಲೆಕೆಡಿಸಿಕೊಳ್ಳಬೇಕು? ನಮ್ಮ ಸೀಮೆಯ ಆಪತ್ತುಗಳ ಸ್ವಭಾವ ನೋಡಿ. ಮರದಿಂದ ಬಿದ್ದವರು, ಹಾವು ಕಚ್ಚಿದವರು, ನಡುರಾತ್ರಿ ಎದೆ ಹಿಡಿದುಕೊಂಡವರು. ಬೇಸಿಗೆಯಾದರೆ ಮಂಗನ ಕಾಯಿಲೆಯ ಜ್ವರ. ದೊಡ್ಡ ಚಿಕಿತ್ಸೆ ಬೇಕೆಂದರೆ ಮಣಿಪಾಲ, ಇಲ್ಲವೇ ಶಿವಮೊಗ್ಗ. ಮಣಿಪಾಲಕ್ಕೆ ಆಗುಂಬೆ ಘಾಟಿ ಇಳಿದು ಎಂಬತ್ತು ಕಿಲೋಮೀಟರಿನಷ್ಟು ದಾರಿ. ದೂರ ಇಷ್ಟಿರುವಾಗ ಸುದ್ದಿ ಮುಟ್ಟುವುದರಲ್ಲಿ ಕಳೆದ ಹೊತ್ತನ್ನು ಆಂಬುಲೆನ್ಸಿನ ಚಾಲಕ ಎಷ್ಟು ಜೋರಾಗಿ ಓಡಿಸಿದರೂ ತುಂಬಿಕೊಡಲಾರ. 2008ರ ನವೆಂಬರ್ 1ರಂದು ನಮ್ಮ ರಾಜ್ಯದಲ್ಲಿ ಆಂಬುಲೆನ್ಸಿಗೆ 108 ಶುರುವಾಯಿತು, ಈಗ ಪೊಲೀಸು-ಬೆಂಕಿ ಎಲ್ಲಕ್ಕೂ 112 ಇದೆ. ನಂಬರು ಎಷ್ಟು ಚಿಕ್ಕದಾದರೂ ಒತ್ತುವ ಫೋನಿಗೆ ಜೀವ ಇರಬೇಕು. 2019ರ ಆಗಸ್ಟಿನಲ್ಲಿ ನಮ್ಮದೇ ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯ ಮೇಲೆ ಗುಡ್ಡ ಜಾರಿತಲ್ಲ, ಅಂಥ ಮಳೆಯಲ್ಲಿ ಮೊದಲು ಹೋಗುವುದು ಕರೆಂಟು, ಆಮೇಲೆ ರಸ್ತೆ. ಫೋನು ಅತ್ಯಂತ ಹೆಚ್ಚು ಬೇಕಾಗುವುದು ಇವೆರಡೂ ಇಲ್ಲದ ಹೊತ್ತಿನಲ್ಲಿ.

ಹಾಗಾದರೆ ಏನು ಮಾಡುವುದು? ಕರೆಂಟು ಬೇಕಾದದ್ದು ಎರಡೇ ತುದಿಗೆ ಎಂದೆನಲ್ಲ, ಸಮಾಧಾನ ಇರುವುದೂ ಅಲ್ಲಿಯೇ. ನಿಮ್ಮ ತುದಿಯನ್ನು ನೀವು ನೋಡಿಕೊಳ್ಳಬಹುದು. ಅಂಗಡಿಯಲ್ಲಿ ಮೋಡೆಮ್ಮಿಗೆಂದೇ ಅಂಗೈಯಗಲದ ಯುಪಿಎಸ್ ಸಿಗುತ್ತದೆ, ಮೂರು-ನಾಲ್ಕು ಗಂಟೆ ತಡೆಯುತ್ತದೆ. ಪೇಟೆಯವರಿಗೆ ಅದು ಸಾಕು, ಒಳಗಿನ ಹಳ್ಳಿಗೆ ಸಾಲದು. 12 ವೋಲ್ಟಿನ 7 ಆಂಪಿಯರ್-ಗಂಟೆಯ ಬ್ಯಾಟರಿ ಆರೇಳು ಗಂಟೆಗೆ ಬಂದೀತು. ಮನೆಯಲ್ಲಿ 150 ಆಂಪಿಯರ್-ಗಂಟೆಯ ಇನ್ವರ್ಟರ್ ಬ್ಯಾಟರಿ ಇದೆಯೇ? ಅದು ಹೊಸದಾಗಿದ್ದು, ಟಿವಿ, ಫ್ಯಾನು, ಮಿಕ್ಸಿ ಎಲ್ಲ ಬಂದ್ ಮಾಡಿ ಮೋಡೆಮ್ಮೊಂದನ್ನೇ ಉಳಿಸಿಕೊಂಡರೆ ಹತ್ತಿರ ಹತ್ತಿರ ಎರಡು ದಿನ ಫೋನಿಗೆ ಮೋಸವಿಲ್ಲ. ಮೋಡೆಮ್ಮು 12 ವೋಲ್ಟಿನದು, ಬ್ಯಾಟರಿಯೂ 12 ವೋಲ್ಟಿನದು ಎಂದು ನೇರ ವೈರು ಸಿಕ್ಕಿಸುವ ಜಾಣತನ ಬೇಡ. ಚಾರ್ಜಾಗುವಾಗ ಬ್ಯಾಟರಿ 14 ವೋಲ್ಟು ದಾಟುತ್ತದೆ. ನಡುವೆ ಅದನ್ನು ಹದಕ್ಕೆ ತರುವ ಪುಟ್ಟ ಸಾಧನವೊಂದು ಇರಲಿ, ಎಲೆಕ್ಟ್ರೀಷಿಯನ್ನರಿಗೆ ಗೊತ್ತಿರುತ್ತದೆ. ಆಷಾಢದಲ್ಲಿ ಸೋಲಾರ್ ಫಲಕವನ್ನು ನಂಬಿ ಕೂರಬೇಡಿ. ನಮ್ಮಲ್ಲಿ ಸೂರ್ಯನೂ ಆಗ ರಜೆಯ ಮೇಲೆ ಇರುತ್ತಾನೆ.

ಬ್ಯಾಟರಿಯಿಂದ ಇನ್ನೂ ಒಂದು ಲಾಭವಿದೆ. ಗಾಜಿನಲ್ಲಿ ಸಿಡಿಲು ಬಾರದಿದ್ದರೂ ಅಡಾಪ್ಟರಿನ ದಾರಿಯಿಂದ ಬರುತ್ತದೆ. ಗುಡುಗು ಶುರುವಾದ ಕೂಡಲೇ ಗೋಡೆಯ ಪ್ಲಗ್ಗು ಕಿತ್ತುಬಿಡಿ. ಬ್ಯಾಟರಿಯ ಮೇಲೆ ಫೋನು ನಡೆಯುತ್ತಲೇ ಇರುತ್ತದೆ, ಮೋಡೆಮ್ಮೂ ಉಳಿಯುತ್ತದೆ. ತಾಮ್ರದ ಕಾಲದಲ್ಲಿ ವೈರು ಕಿತ್ತರೆ ಫೋನೇ ಇರುತ್ತಿರಲಿಲ್ಲ. ಕೇಬಲ್ಲಿನ ಜೊತೆ ಆಧಾರಕ್ಕೆಂದು ಉಕ್ಕಿನ ತಂತಿ ಬಂದಿದ್ದರೆ ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹುಡುಗರಿಗೆ ಹೇಳಿ. ಒಳಗೆ ಬರಬೇಕಾದದ್ದು ಗಾಜು ಮಾತ್ರ.

ಇನ್ನೊಂದು ತುದಿ ನಮ್ಮ ಕೈಯಲ್ಲಿಲ್ಲ. ಬೆಳಕು ಹೊರಡುವ ಯಂತ್ರ ಈಗ ಎಕ್ಸ್‌ಚೇಂಜಿನ ಆ ದೊಡ್ಡ ಬ್ಯಾಟರಿ ಕೋಣೆಯ ಪಕ್ಕದಲ್ಲೇ ಇರಬೇಕೆಂದಿಲ್ಲ. ಎಷ್ಟೋ ಕಡೆ ಅದು ಫೈಬರು ನಡೆಸುವ ಹುಡುಗನ ಅಂಗಡಿಯ ಅಟ್ಟದಲ್ಲಿದೆ. ಅವನ ಇನ್ವರ್ಟರು ಎಷ್ಟು ಹೊತ್ತೋ ಇಡೀ ಊರಿನ ಫೋನು ಅಷ್ಟು ಹೊತ್ತು. ನೀವು ಮನೆಯಲ್ಲಿ ಎರಡು ದಿನದ ಬ್ಯಾಟರಿ ಇಟ್ಟುಕೊಂಡು ಅವನಲ್ಲಿ ನಾಲ್ಕು ಗಂಟೆಯದ್ದೇ ಇದ್ದರೆ ಮೋಡೆಮ್ಮಿನ ಕೆಂಪು ದೀಪ ನೋಡುತ್ತ ಕೂರಬೇಕಾಗುತ್ತದೆ. ಫೈಬರು ಹಾಕಲು ಬಂದಾಗ ತಿಂಗಳ ಬಾಡಿಗೆ, ಸ್ಪೀಡು ಕೇಳುತ್ತೀರಿ. ಅದರ ಜೊತೆಗೆ "ನಿನ್ನ ಕಡೆ ಬ್ಯಾಟರಿ ಎಷ್ಟು ಗಂಟೆ ತಡೀತದೆ ಮಾರಾಯ?" ಎಂದೂ ಕೇಳಿ. ಒಬ್ಬರು ಕೇಳಿದರೆ ನಗುತ್ತಾನೆ, ಹತ್ತು ಮನೆಯವರು ಕೇಳಿದರೆ ಬ್ಯಾಟರಿ ತರುತ್ತಾನೆ. ತರಲು ಅವನ ಕೈಲಾಗದಿದ್ದರೆ ಪಂಚಾಯಿತಿಯವರು ಯಾಕೆ ಕೈ ಜೋಡಿಸಬಾರದು? ಬೀದಿದೀಪಕ್ಕೆ ಖರ್ಚು ಮಾಡುವ ಮೆಣಸೆ ಪಂಚಾಯಿತಿಗೋ ಬೇಗಾರು ಪಂಚಾಯಿತಿಗೋ ಇದು ಮೀರಿದ ಖರ್ಚಲ್ಲ. ಮನೆಮನೆಯಲ್ಲೂ ಎರಡು ದಿನದ ಬ್ಯಾಟರಿ ಇಡಲು ಎಲ್ಲರಿಗೂ ಆಗುವುದಿಲ್ಲ. ಆದರೆ ಕೃಷಿ ಪತ್ತಿನ ಸೊಸೈಟಿ, ಹಾಲಿನ ಡೇರಿ, ಆಶಾ ಕಾರ್ಯಕರ್ತೆಯ ಮನೆ, ಶಾಲೆ, ಇವುಗಳಲ್ಲಿ ಯಾವುದಾದರೂ ಒಂದು ಕಡೆ ಎಂಥ ಮಳೆಯಲ್ಲೂ ಸಾಯದ ಒಂದು ಫೋನು ಇದೆ ಎಂದು ಊರಿಗೆಲ್ಲ ಗೊತ್ತಿರುವಂತೆ ಮಾಡಬಹುದು. ಇದಕ್ಕೂ ಮೇಲಿನ ದೊಡ್ಡ ಕೆಲಸಗಳು, ಅಂದರೆ ಅರ್ಜಿಯ ಫಾರಮ್ಮಿನಲ್ಲೇ ಬ್ಯಾಟರಿಯ ವಿಷಯ ಅಚ್ಚಾಗಬೇಕೆಂಬುದು, ಹೊರಗಿನ ಕೇಬಲ್ ಕಡಿದರೂ ಹಳ್ಳಿಯೊಳಗೆ ಕರೆ ನಡೆಯಬೇಕೆಂಬುದು ದೂರಸಂಪರ್ಕ ಇಲಾಖೆಗೆ ಹೋಗಬೇಕಾದ ಮಾತು. ನಿಮ್ಮ ಶಾಸಕರು, ಸಂಸದರು ಊರಿಗೆ ಬಂದಾಗ ಟವರಿನ ಅರ್ಜಿಯ ಜೊತೆ ಈ ಎರಡು ಸಾಲನ್ನೂ ಸೇರಿಸಿ ಕೊಡಿ.

ಹಳೆಯ ವೈರಿನ ಫೋನನ್ನು ಗುಜರಿಗೆ ಹಾಕಬೇಡಿ. ಮೋಡೆಮ್ಮಿನ ಹಿಂದೆ ಅದನ್ನು ಸಿಕ್ಕಿಸುವ ಜಾಗ ಇರುತ್ತದೆ. ಕಾರ್ಡ್‌ಲೆಸ್ ಫೋನಿನ ಪೀಠಕ್ಕೆ ಬೇರೆ ಕರೆಂಟು ಬೇಕು, ಈ ಹಳೆಯದಕ್ಕೆ ಮೋಡೆಮ್ಮಿನ ಬ್ಯಾಟರಿಯೇ ಸಾಕು. ಇಷ್ಟೂ ಜೋಡಿಸಿಕೊಂಡ ಮೇಲೆ ಮೇ ತಿಂಗಳಲ್ಲಿ ಒಂದು ಸಂಜೆ ಬಿಡುವು ಮಾಡಿಕೊಂಡು ಮೇನ್ ಸ್ವಿಚ್ಚು ಆರಿಸಿ, ಫೋನು ಎತ್ತಿ. ಪರೀಕ್ಷೆಗೆಂದು 112ಕ್ಕೆ ಮಾಡಬೇಡಿ, ನೆಂಟರಿಗೆ ಮಾಡಿ. ಎಷ್ಟು ಗಂಟೆಯವರೆಗೆ ಟೋನು ಇತ್ತು ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ಬ್ಯಾಟರಿ ಸೋತದ್ದು ಕಂಡರೆ ಕೊಪ್ಪಕ್ಕೋ ಶೃಂಗೇರಿಗೋ ಹೋಗಿ ಆಗಲೇ ತಂದುಬಿಡಿ. ಜುಲೈ ತಿಂಗಳಲ್ಲಿ ಅಂಗಡಿಗೆ ಹೋದರೆ ಸಾಲಿನಲ್ಲಿ ನಿಮ್ಮ ಮುಂದೆ ಇಡೀ ತಾಲ್ಲೂಕೇ ನಿಂತಿರುತ್ತದೆ.